ಹತ್ತೊಂಬತ್ತನೆಯ ಸಾಮಾನು

ನನಗೆ ಆರಾಮ ಮಾಡಲು ಬರುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಈಜು ಬಾರದವರಿದ್ದಾರೆ, ಸೈಕಲ್ ಬಾರದವರಿದ್ದಾರೆ, ಎಪ್ಪತ್ತು ದಾಟಿದರೂ ಚಹಾ ಮಾಡಲು ಬಾರದ ಗಂಡಸರಂತೂ ನಮ್ಮ ಮಾಳಮಡ್ಡಿಯಲ್ಲಿ ಓಣಿಗೆ ನಾಲ್ಕು ಮಂದಿ ಸಿಗುತ್ತಾರೆ. ಹಾಗೆಯೇ ನಾನು ಆರಾಮ ಬಾರದವನು. ತೊಂದರೆ ಏನೆಂದರೆ, ನಮ್ಮ ಊರಿನಲ್ಲಿ ಮನುಷ್ಯ ಮನುಷ್ಯನನ್ನು ಕಂಡರೆ ಮೊದಲು ಕೇಳುವುದೇ ಅದನ್ನು. "ಆರಾಮ ಅದೀರೇನ್ರಿ ಮಾಸ್ತರ?" ಬೆಳಿಗ್ಗೆ ಐದು ಇಪ್ಪತ್ತಕ್ಕೆ ನಾನು ತಿರುಗಾಡಲು ಹೊರಟರೆ ಆರು ಹತ್ತಕ್ಕೆ ಮನೆ ಮುಟ್ಟುವುದರೊಳಗೆ ಈ ಪ್ರಶ್ನೆ ಕಡಿಮೆ ಎಂದರೂ ಎಂಟು ಸಲ ಬೀಳುತ್ತದೆ. ನಾನು ನಡಿಗೆ ನಿಲ್ಲಿಸದೆ, "ಆರಾಮ, ಆರಾಮ" ಎಂದು ಕೈ ಎತ್ತಿ ಮುಂದೆ ಸಾಗುತ್ತೇನೆ. ನಿಂತರೆ ಆರು ಹತ್ತಕ್ಕೆ ಮನೆ ಮುಟ್ಟುವುದಿಲ್ಲ. ಆರು ಹತ್ತಕ್ಕೆ ಮನೆ ಮುಟ್ಟದಿದ್ದರೆ ಏನಾಗುತ್ತದೆ ಎಂದು ಕೇಳಬೇಡಿ. ಈವರೆಗೆ ಮುಟ್ಟದೆ ಇದ್ದಿಲ್ಲವಾದ್ದರಿಂದ ನನಗೂ ಗೊತ್ತಿಲ್ಲ.

ಮೂವತ್ನಾಲ್ಕು ವರ್ಷ ಮಿಷನ್ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಹಿತ್ತಾಳೆಯ ಸೀಟಿಯೊಂದು ಸದಾ ನನ್ನ ಅಂಗಿಯ ಜೇಬಿನಲ್ಲಿರುತ್ತಿತ್ತು. ನಿವೃತ್ತಿಯ ದಿನ ಶಾಲೆಯವರು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಸೀಟಿ ವಾಪಸು ಕೇಳುವುದನ್ನು ಮರೆತರು. ಅಂದಿನಿಂದ ಅದು ನನ್ನ ಜೊತೆಗೇ ಇದೆ. ತಿರುಗಾಡುವಾಗ ನಾಯಿ ಬೆನ್ನು ಹತ್ತಿದರೆ ಬೇಕಾಗುತ್ತದೆ ಎಂದು ಜನಕ್ಕೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಅದಿಲ್ಲದೆ ಜೇಬು ಹಗುರವಾಗಿ ನಾನು ಎಡಕ್ಕೆ ವಾಲುತ್ತೇನೇನೋ ಅನ್ನಿಸುತ್ತದೆ.

ಶಾಲೆಯಲ್ಲಿ ಡ್ರಿಲ್ ಬಿಟ್ಟರೆ ನನ್ನ ಇನ್ನೊಂದು ಕೆಲಸ ಪ್ರವಾಸ. ವರ್ಷಕ್ಕೊಮ್ಮೆ ಅರವತ್ತು ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ಅರವತ್ತನ್ನೇ ವಾಪಸು ತರುವುದು. ಇದಕ್ಕಾಗಿ ನಾನೊಂದು ಪಟ್ಟಿ ಮಾಡಿದ್ದೆ. ಒಟ್ಟು ಇಪ್ಪತ್ತೆರಡು ಸಾಮಾನು. ಪ್ರತಿಯೊಂದರ ಮುಂದೆ ಎರಡು ಚೌಕ, ಒಂದು "ಹೋಗುವಾಗ", ಇನ್ನೊಂದು "ಬರುವಾಗ". ಮೊದಲನೆಯದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎರಡನೆಯದು ಹಗ್ಗ, ಮೂರನೆಯದು ಸೀಟಿ, ಏಳನೆಯದು ವಾಂತಿಗೆ ಪ್ಲಾಸ್ಟಿಕ್ ಚೀಲ, ಹೀಗೆ. ಒಮ್ಮೆಗೇ ನೂರು ಪ್ರತಿ ತೆಗೆಸಿ ಇಟ್ಟಿದ್ದೆ. ಪ್ರತಿ ಪ್ರವಾಸಕ್ಕೆ ಒಂದು ಹಾಳೆ. ಹೊರಡುವಾಗ ಹಾಕಿದ ಟಿಕ್‌ಗಳು, ಮರಳಿದಾಗ ಹಾಕಿದ ಟಿಕ್‌ಗಳು ಒಂದಕ್ಕೊಂದು ಸರಿಹೊಂದಲೇಬೇಕು. ಮೂವತ್ನಾಲ್ಕು ವರ್ಷದಲ್ಲಿ ಒಂದು ಬಕೆಟ್ಟೂ ಕಳೆದಿಲ್ಲ.

ಈ ಪಟ್ಟಿಯ ಹತ್ತೊಂಬತ್ತನೆಯ ಸಾಲು ನನ್ನ ಹೆಂಡತಿ ಸುಶೀಲಾಳದು. ಹೆಣ್ಣುಮಕ್ಕಳ ಜೊತೆಗೆ ಒಬ್ಬ ಹೆಂಗಸು ಇರಬೇಕೆಂಬ ನಿಯಮವಿದ್ದುದರಿಂದ ಪ್ರತಿ ಪ್ರವಾಸಕ್ಕೂ ಅವಳು ಬರುತ್ತಿದ್ದಳು. ಬರುತ್ತಿದ್ದಳು ಎಂದರೆ, ಅರವತ್ತು ಮಂದಿಗೆ ಉಪ್ಪಿಟ್ಟು ಮಾಡುತ್ತಿದ್ದಳು, ಜಡೆ ಹಾಕುತ್ತಿದ್ದಳು, ಮನೆ ನೆನಪಾಗಿ ಅಳುವವರನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಮೊಣಕಾಲು ನೋವಿತ್ತು, ನೆಲಕ್ಕೆ ಕೂಡಲು ಆಗುತ್ತಿರಲಿಲ್ಲ. ಅದಕ್ಕೆ ನಾನು ಪಟ್ಟಿಯಲ್ಲಿ ಬರೆದೆ: "ಸುಶೀಲಾ: ಮಡಚುವ ಸ್ಟೂಲು, ಮೊಣಕಾಲಿನ ಎಣ್ಣೆ, ಉಣ್ಣೆಯ ಶಾಲು." ಅವಳು ಓದಿ ನಕ್ಕಳು. "ಹಗ್ಗ, ಬಕೆಟ್, ಲಾಟೀನು, ಸುಶೀಲಾ. ಛಲೋ ಆತು ಬಿಡ್ರಿ. ಸಾಲಿ ಸಾಮಾನಿನಾಗ ನಾನೂ ಒಂದು ಸಾಮಾನು ಆದೆ. ಕಳೀದಂಗ ತಿರುಗಿ ತರತೀರಿ ಅನ್ನೂ ಧೈರ್ಯರ ಬಂತು."

ಒಂದು ವರ್ಷ ಕಾರವಾರಕ್ಕೆ ಹೋಗಿದ್ದೆವು. ಸಮುದ್ರಕ್ಕೆ ನಾನು ಇಟ್ಟ ಸಮಯ ನಾಲ್ಕೂವರೆಯಿಂದ ಐದು. ಸುಶೀಲಾ ಪಾತ್ರೆ ತೊಳೆಸಿ, ಹಿಟ್ಟಿನ ಡಬ್ಬಿ ಮುಚ್ಚಿ, ದಂಡೆಗೆ ಬಂದಾಗ ಐದಕ್ಕೆ ಮೂರು ನಿಮಿಷವಿತ್ತು. ನೀರಿನಂಚಿನಲ್ಲಿ ಸ್ಟೂಲು ಬಿಡಿಸಿಟ್ಟು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ ಕುಳಿತಳು. ಒಂದು ತೆರೆ ಬಂದು ಪಾದ ತೋಯಿಸಿ ಹೋಯಿತು. ಎರಡನೆಯದು ಬರುತ್ತಿತ್ತು. ನಾನು ಸೀಟಿ ಊದಿದೆ. ಐದು ಗಂಟೆ ಎಂದರೆ ಐದು ಗಂಟೆ. ಅರವತ್ತು ಮಕ್ಕಳು ಸಾಲಾಗಿ ನಿಂತು ಒಂದು, ಎರಡು ಎಂದು ಕೂಗತೊಡಗಿದರು. ಸುಶೀಲಾ ಎದ್ದು, ಸ್ಟೂಲು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಸಾಲಿನ ಕೊನೆಗೆ ಬಂದು ನಿಂತು, "ಅರವತ್ತೊಂದು" ಎಂದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅವಳೂ ನಕ್ಕಳು. ಬಸ್ಸು ಘಟ್ಟ ಹತ್ತುವಾಗ ಮಾತ್ರ ಕಿಟಕಿಯ ಕಡೆ ಮುಖ ಮಾಡಿ, "ಇನ್ನೊಂದು ಐದು ನಿಮಿಷ ಕೂಡಬೇಕಿತ್ತು ನೋಡ್ರಿ" ಎಂದಳು. "ಮುಂದಿನ ಸರ್ತಿ" ಎಂದೆ. ಮುಂದಿನ ವರ್ಷ ಪ್ರವಾಸ ಬಾದಾಮಿಗೆ ಹೋಯಿತು. ಅದರ ಮುಂದಿನ ವರ್ಷ ವಿಜಯಪುರಕ್ಕೆ. ಸಮುದ್ರ ಮತ್ತೆ ನನ್ನ ವೇಳಾಪಟ್ಟಿಯಲ್ಲಿ ಬರಲೇ ಇಲ್ಲ.

ಅವಳು ತೀರಿಕೊಂಡು ಹದಿನಾಲ್ಕು ತಿಂಗಳಾದವು. ಕೊನೆಯ ವಾರ ಮಗಳು ಶೋಭಾ ಹಾಸಿಗೆಯ ಪಕ್ಕ ಕುಳಿತು ಗಂಜಿ ಕುಡಿಸುತ್ತಿದ್ದಳು, ನಾನು ಗುಳಿಗೆಯ ಸಮಯ ನೋಡುತ್ತಿದ್ದೆ. ಸುಶೀಲಾ ನನ್ನನ್ನು ಕರೆದು, "ಮೊಮ್ಮಕ್ಕಳನ್ನ ಒಮ್ಮೆ ಸಮುದ್ರಕ್ಕ ಕರಕೊಂಡು ಹೋಗ್ರಿ" ಎಂದಳು. ಹೂಂ ಎಂದೆ. "ಸೀಟಿ ಮನ್ಯಾಗ ಇಟ್ಟು ಹೋಗ್ರಿ." ಹೂಂ ಎಂದೆ. "ಹೂಂ ಅಲ್ಲ, ಇಡತೇನಿ ಅನ್ರಿ." "ಇಡತೇನಿ" ಎಂದೆ. ಅವಳು ನನ್ನಿಂದ ಬಾಯಿಬಿಡಿಸಿ ಮಾತು ತೆಗೆದುಕೊಂಡದ್ದು ಎರಡೇ ಸಲ. ಮೊದಲನೆಯದು ಮದುವೆಯ ದಿನ, ಪಾಸ್ಟರರು ಕೇಳಿದಾಗ ನನ್ನ ದನಿ ಹೊರಡದೆ, ಇವಳೇ ಮೊಣಕೈಯಿಂದ ತಿವಿದಾಗ.

ಈ ಸಲದ ಚಳಿಗಾಲದಲ್ಲಿ ಶೋಭಾ ಹುಬ್ಬಳ್ಳಿಯ ಕೇಶ್ವಾಪುರದಿಂದ ಫೋನ್ ಮಾಡಿ, ಅಂಕೋಲೆಯ ಹತ್ತಿರ ದಂಡೆಯ ಮೇಲೆಯೇ ಒಂದು ಮನೆ ಸಿಕ್ಕಿದೆ, ಶನಿವಾರ ಹೋಗಿ ರವಿವಾರ ಬರೋಣ ಎಂದಳು. "ಪಪ್ಪಾ, ಆರಾಮ ಮಾಡಾಕ ಹೊಂಟೇವಿ. ವೇಳಾಪಟ್ಟಿ ಬ್ಯಾಡ." ಆಗಲಿ ಎಂದೆ. ರವಿವಾರದ ಆರಾಧನೆ ತಪ್ಪುವುದನ್ನು ಪಾಸ್ಟರರಿಗೆ ತಿಳಿಸಲು ಹೋದೆ. "ಹೋಗಿ ಬರ್ರಿ ಮಾಸ್ತರ. ದೇವರು ಸುದ್ದಾ ಏಳನೇ ದಿನ ಆರಾಮ ಮಾಡಿದ" ಎಂದರು. "ಆರು ದಿನದ ಕೆಲಸ ಪೂರಾ ಮುಗಿಸಿ ಮಾಡಿದ್ರಿ" ಎಂದೆ. ಮನೆಗೆ ಬಂದು ವೇಳಾಪಟ್ಟಿ ಬರೆದೆ. ಸಣ್ಣದು, ಒಂದೇ ಹಾಳೆ. ಅದರಲ್ಲಿ ಶೋಭಾಳ ಮಾತಿಗೆ ಗೌರವ ಕೊಟ್ಟು "ಮಧ್ಯಾಹ್ನ ೩ ರಿಂದ ೩.೪೫: ಆರಾಮ (ಎಲ್ಲರೂ)" ಎಂದು ಸೇರಿಸಿದೆ.

ಶುಕ್ರವಾರ ಚೀಲ ತುಂಬಿದೆ. ಹಳೆಯ ಪಟ್ಟಿಯ ಒಂದು ಪ್ರತಿ ತೆಗೆದು ಮೇಜಿನ ಮೇಲಿಟ್ಟು, ಸಾಮಾನು ತಂದು ಇಡುವುದು, ಟಿಕ್ ಹಾಕುವುದು. ಮೂರನೆಯ ಸಾಲಿಗೆ ಬಂದಾಗ ಹತ್ತು ನಿಮಿಷ ನಿಂತೆ. ಕೊನೆಗೆ ಜೇಬಿನಿಂದ ಸೀಟಿ ತೆಗೆದು ಕಪಾಟಿನ ಡ್ರಾವರಿನಲ್ಲಿಟ್ಟು ಚೌಕ ಖಾಲಿ ಬಿಟ್ಟೆ. ಮೇಲಿಂದ ಕೆಳಗೆ ನೋಡಿದರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಆದರೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಮೂಲೆಯಲ್ಲಿ, ಅಯೋಡಿನ್ ಬಾಟಲಿಯ ಪಕ್ಕ, ಒಂದು ಹೆಚ್ಚುವರಿ ಸೀಟಿ ಮೊದಲಿನಿಂದಲೂ ಇರುತ್ತದೆ. ಅದನ್ನು ನಾನು ಮುಟ್ಟಲಿಲ್ಲ. ನಾನು ಒಯ್ಯುತ್ತಿರುವುದು ಪೆಟ್ಟಿಗೆ, ಸೀಟಿಯಲ್ಲ. ಪೆಟ್ಟಿಗೆಯೊಳಗೆ ಏನಿದೆ ಎಂದು ಪ್ರತಿ ಸಲ ತೆರೆದು ನೋಡಲು ನಾನೇನು ಚೆಕ್‌ಪೋಸ್ಟಿನ ಪೊಲೀಸನೇ? ಹೀಗೆ ನನಗೆ ನಾನೇ ವಕೀಲನಾಗಿ, ನಾನೇ ನ್ಯಾಯಾಧೀಶನಾಗಿ, ಎರಡು ನಿಮಿಷದಲ್ಲಿ ಖಟ್ಲೆ ಗೆದ್ದೆ. ಆಮೇಲೆ ಕೈ ತನ್ನ ರೂಢಿಯ ವೇಗಕ್ಕೆ ಬಂತು. ಹದಿನೇಳು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಇಪ್ಪತ್ತೆರಡರ ಕೆಳಗೆ ಸಹಿ ಮಾಡಿ, ಚೀಲದ ಬಾಯಿ ಕಟ್ಟಿ, ಹುಬ್ಬಳ್ಳಿಯ ಬಸ್ಸು ಹತ್ತಿದೆ.

ನನ್ನ ಅಳಿಯ ಜೀವನ ಒಳ್ಳೆಯ ಹುಡುಗ. ಅವನಲ್ಲಿ ಒಂದೇ ದೋಷ, ಅವನು ಯಾವುದಕ್ಕೂ ಸಮಯ ಹೇಳುವುದಿಲ್ಲ. ಎಷ್ಟಕ್ಕೆ ಹೊರಡೋಣ? "ನೋಡೂಣ್ರಿ ಮಾವಾರ." ಊಟ ಎಲ್ಲಿ? "ನೋಡೂಣು." ಗಾಡಿಯ ಚಕ್ರದಲ್ಲಿ ಗಾಳಿ ಇದೆಯೇ? "ನೋಡೂಣು." ನಾನು ಶನಿವಾರ ಬೆಳಿಗ್ಗೆ ಐದಕ್ಕೆ ಬೂಟು ಹಾಕಿಕೊಂಡು ಅವರ ಮನೆಯ ಕಟ್ಟೆಯ ಮೇಲೆ ಕುಳಿತೆ. ಐದೂವರೆಗೆ ಹೊರಡುವುದೆಂದು ನನ್ನ ಹಾಳೆಯಲ್ಲಿತ್ತು. ಹಾಲಿನವನು ಬಂದ, ಪೇಪರಿನವನು ಬಂದ, ಕಸದ ಗಾಡಿ ಬಂತು. ಪ್ರತಿಯೊಬ್ಬರೂ, "ಆರಾಮೇನ್ರಿ ಅಜ್ಜಾರ?" ಎಂದರು. ಎಂಟು ಇಪ್ಪತ್ತಕ್ಕೆ ಕಾರು ಹೊರಟಿತು.

ಎರಡನೆಯ ಇಯತ್ತೆಯ ಮೊಮ್ಮಗಳು ರೂತ್‌ಗೆ ಓದುವ ಹುಚ್ಚು ಹೊಸದು. ಅಂಗಡಿಯ ಬೋರ್ಡು, ಲಾರಿಯ ಹಿಂಭಾಗ, ಏನು ಕಂಡರೂ ಗಟ್ಟಿಯಾಗಿ ಓದುತ್ತಾಳೆ. ಕಲಘಟಗಿ ದಾಟುತ್ತಲೇ ನನ್ನ ಜೇಬಿನಿಂದ ಇಣುಕುತ್ತಿದ್ದ ಹಾಳೆ ಎಳೆದು ಓದತೊಡಗಿದಳು. "ಹನ್ನೆರಡೂವರೆ, ಊಟ. ಒಂದು ಹತ್ತು, ಕೈ ತೊಳೆಯುವುದು. ಮೂರರಿಂದ ಮೂರು ನಲವತ್ತೈದು, ಆರಾಮ, ಎಲ್ಲರೂ." ಶೋಭಾ ಮುಂದಿನ ಸೀಟಿನಿಂದ ನಿಧಾನವಾಗಿ ತಿರುಗಿದಳು. "ಪಪ್ಪಾ!" ನಾನು ಹೊರಗೆ ಮರಗಳನ್ನು ಎಣಿಸುತ್ತಿದ್ದೆ. ಜೀವನ ನಗು ತಡೆಯಲಾಗದೆ, "ಮೂರು ನಲವತ್ತೈದಕ್ಕ ಆರಾಮ ಮುಗೀಲಿಲ್ಲಂದ್ರ ಏನ್ರಿ ಮಾವಾರ?" ಎಂದ. ಆದರೆ ಘಟ್ಟದಲ್ಲಿ ನನ್ನ ಮರ್ಯಾದೆ ಉಳಿಯಿತು. ಮೂರನೆಯ ತಿರುವಿಗೆ ಯಾವುದಾದರೂ ಮಗು ವಾಂತಿ ಮಾಡಿಕೊಳ್ಳುತ್ತದೆ ಎನ್ನುವುದು ನನ್ನ ಮೂವತ್ನಾಲ್ಕು ವರ್ಷದ ಅನುಭವ. ನಾಲ್ಕು ವರ್ಷದ ಅಭಿ ಮೂರನೆಯ ತಿರುವಿಗೆ ಸರಿಯಾಗಿ ಬಾಯಿ ತೆರೆದ, ನಾನು ಏಳನೆಯ ಸಾಮಾನನ್ನು ತೆರೆದೆ. ಒಂದು ಹನಿ ಹೊರಗೆ ಬೀಳಲಿಲ್ಲ. ಮೊಮ್ಮಗ ವಾಂತಿ ಮಾಡಿಕೊಂಡದ್ದಕ್ಕೆ ಇಷ್ಟು ಸಂತೋಷಪಟ್ಟ ಅಜ್ಜ ನಾನೊಬ್ಬನೇ ಇರಬೇಕು.

ಮನೆ ಚೆನ್ನಾಗಿತ್ತು. ಜಗಲಿಯಿಂದ ಗಾಳಿಮರಗಳ ಸಾಲು, ಅದರಾಚೆ ಉಸುಕು, ಅದರಾಚೆ ಸಮುದ್ರ. ರೊಟ್ಟಿ ಮಾರುವ ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಮುಗಿಸಿದೆವು. ಮಕ್ಕಳ ಟವೆಲ್ಲು ಬೇಕೆಂದು ಶೋಭಾ ನನ್ನ ಚೀಲ ಬಿಚ್ಚಿದಳು. ಮೊದಲು ಹಗ್ಗ ಬಂತು. "ಹಗ್ಗ ಯಾಕ್ರಿ ಪಪ್ಪಾ?" ಎಂದು ನಕ್ಕಳು. ಲಾಟೀನು ಬಂತು, ಇನ್ನೂ ನಕ್ಕಳು. ಆಮೇಲೆ ಅವಳ ಕೈ ನಿಂತಿತು. ಮಡಚಿದ ಸ್ಟೂಲು. ಸುತ್ತಲೂ ಎಣ್ಣೆಯ ಜಿಡ್ಡು ಹತ್ತಿದ ಸಣ್ಣ ಬಾಟಲಿ. ನಾಲ್ಕು ಮಡಿಕೆಯ ಕಂದು ಶಾಲು.

"ಇದು ಅಜ್ಜೀದು!" ಎಂದು ರೂತ್ ಕೂಗಿದಳು.

"ಪಪ್ಪಾ, ಇದನ್ನ ಯಾಕ ತಂದ್ರಿ?"

ನಾನು ಸತ್ಯವನ್ನೇ ಹೇಳಿದೆ. "ಪಟ್ಟ್ಯಾಗ ಐತಿ."

ಬಾಗಿಲ ಹಿಂದಿನಿಂದ ಸ್ಟೂಲು, ಕಿಟಕಿಯ ಮೇಲಿಂದ ಎಣ್ಣೆ, ಟ್ರಂಕಿನಿಂದ ಶಾಲು, ಮೂರನ್ನೂ ನಾನೇ ತಂದು ಇಟ್ಟವನು, ಟಿಕ್ ಹಾಕಿದವನು. ತರುವಾಗ ಒಮ್ಮೆಯೂ ಹೊಳೆಯಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬಲಿಲ್ಲ. ಪಟ್ಟಿ ತೆಗೆದು ನೋಡಿದೆ. ಹತ್ತೊಂಬತ್ತರ ಮುಂದೆ ನನ್ನದೇ ಟಿಕ್, ಉಳಿದವುಗಳಷ್ಟೇ ನೇರ, ಅಷ್ಟೇ ಅಚ್ಚುಕಟ್ಟು. ಶೋಭಾ ಬಾಟಲಿಯ ಜಿಡ್ಡನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದಳು. ಎಲ್ಲದಕ್ಕೂ ನೋಡೂಣು ಎನ್ನುವ ಜೀವನ ಆಗ ಒಂದು ಕ್ಷಣವೂ ತಡಮಾಡಲಿಲ್ಲ. ಶಾಲನ್ನು ಅವಳ ಹೆಗಲಿಗೆ ಹೊದಿಸಿ, "ಇರಲಿ ಬಿಡು, ಸಂಜೀಮುಂದ ಥಂಡಿ ಬೀಳತೈತಿ" ಎಂದ. ರೂತ್ ಸ್ಟೂಲನ್ನು ಎಳೆದುಕೊಂಡು ಸಮುದ್ರದ ಕಡೆ ಓಡಿದಳು.

ನಾಲ್ಕೂವರೆಗೆ ನಾವೆಲ್ಲ ದಂಡೆಯಲ್ಲಿದ್ದೆವು. ನಾನು ಬೂಟು ಹಾಕಿಕೊಂಡೇ ಹೋಗಿದ್ದೆ, ಕಂಕುಳಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಒಂದು ಕೋಲಿನಿಂದ ಒದ್ದೆ ಉಸುಕಿನಲ್ಲಿ ಉದ್ದ ಗೆರೆ ಎಳೆದು, "ಈ ಗೆರೆ ದಾಟಬಾರದು" ಎಂದು ಮಕ್ಕಳಿಗೆ ಹೇಳಿದೆ. ಹೇಳಿ ಮುಗಿಸುವುದರೊಳಗೆ ಒಂದು ತೆರೆ ಬಂದು ಗೆರೆ ಅಳಿಸಿತು. ಎರಡು ಮಾರು ಹಿಂದೆ ಸರಿದು ಮತ್ತೊಂದು ಎಳೆದೆ. ಅದನ್ನೂ ಅಳಿಸಿತು. ಶಿಸ್ತಿಗೆ ಬಗ್ಗದ ವಿದ್ಯಾರ್ಥಿಗಳನ್ನು ನಾನು ಎಷ್ಟೋ ನೋಡಿದ್ದೇನೆ, ಇಂಥದ್ದನ್ನು ನೋಡಿರಲಿಲ್ಲ. ಅಭಿಗೆ ಇದು ಅಜ್ಜ ಮತ್ತು ಸಮುದ್ರ ಸೇರಿ ಆಡುವ ಆಟ ಎನ್ನಿಸಿ, "ಅಜ್ಜಾ, ಮತ್ತ ಹಾಕು! ಮತ್ತ ಹಾಕು!" ಎಂದು ಕುಣಿದ. ಶೋಭಾ ಬಹಳ ದಿನದ ಮೇಲೆ ಬಾಯಿ ತುಂಬ ನಕ್ಕಳು. ಎಲ್ಲ ಸರಿಯಾಗಿಯೇ ಇತ್ತು. ನಾನು ಮಾತು ಉಳಿಸಿಕೊಂಡೇ ಇದ್ದೆ.

ಆಗ ಒಂದು ಸ್ವಲ್ಪ ದೊಡ್ಡ ತೆರೆ ಬಂತು. ದೊಡ್ಡದು ಎಂದರೆ ನನ್ನ ಮೊಣಕಾಲಿನಷ್ಟು. ಅಭಿಯ ಕಾಲು ಎತ್ತಿ ಅವನನ್ನು ಕುಂಡೆಯ ಮೇಲೆ ಕೂರಿಸಿತು. ನನ್ನ ಕೈ ಪೆಟ್ಟಿಗೆ ತೆರೆದದ್ದು, ಸೀಟಿ ಬಾಯಿಗೆ ಬಂದದ್ದು, ನನಗೆ ಗೊತ್ತಿಲ್ಲ. ಊದಿದೆ. ಮೂವತ್ನಾಲ್ಕು ವರ್ಷದ ಉಸಿರು ಹಾಕಿ ಊದಿದೆ.

ಇಡೀ ದಂಡೆ ನಿಂತಿತು. ಕ್ರಿಕೆಟ್ ಆಡುತ್ತಿದ್ದ ಹುಡುಗರು ಬ್ಯಾಟು ಎತ್ತಿದವರು ಎತ್ತಿದ ಹಾಗೆಯೇ ನಿಂತರು. ಬುಟ್ಟಿ ಹೊತ್ತ ಮೀನಿನ ಹೆಂಗಸು ನಿಂತಳು. ಒಂದು ಕರಿ ನಾಯಿ ಓಡುತ್ತಿದ್ದದ್ದು ಕುಳಿತೇ ಬಿಟ್ಟಿತು. ಅಭಿಯನ್ನು ಜೀವನ ಅದಾಗಲೇ ಎತ್ತಿಕೊಂಡಾಗಿತ್ತು. ಮಗು ಬಿದ್ದದ್ದಕ್ಕೆ ಕೇಕೆ ಹಾಕಿ ನಗುತ್ತಿತ್ತು. ಸೀಟಿ ಕೇಳಿ ಬೆಚ್ಚಿಬಿದ್ದು ಅಳತೊಡಗಿತು.

ರೂತ್ ಸ್ಟೂಲಿನಿಂದ ಎದ್ದು ಓಡಿ ಬಂದು ನನ್ನ ಮುಂದೆ ನೆಟ್ಟಗೆ ನಿಂತು, "ಒಂದು" ಎಂದಳು. ಇದು ನಮ್ಮ ಮನೆಯ ರೂಢಿ. ಮಕ್ಕಳು ಮಾಳಮಡ್ಡಿಗೆ ಬಂದಾಗ ಊಟಕ್ಕೆ ಕರೆಯಲು ನಾನು ಸೀಟಿ ಊದುತ್ತಿದ್ದೆ, ಎಲ್ಲರೂ ಸಾಲಾಗಿ ಎಣಿಸುತ್ತಿದ್ದರು. ಅಪ್ಪನ ತೋಳಿನಲ್ಲಿ ಬಿಕ್ಕುತ್ತಲೇ ಅಭಿ "ಎರಡು" ಎಂದ. ಶೋಭಾ ನನ್ನನ್ನೇ ನೋಡುತ್ತ, "ಮೂರು" ಎಂದಳು. ಜೀವನ ಮೆಲ್ಲಗೆ, "ನಾಲ್ಕು." ಎಣಿಸುವವನು ತನ್ನನ್ನು ಎಣಿಸಿಕೊಳ್ಳುವುದಿಲ್ಲ. ಐದು ಸುಶೀಲಾಳದು. ನೀರಿನಂಚಿನಲ್ಲಿ ಸ್ಟೂಲು ಖಾಲಿ ನಿಂತಿತ್ತು, ಅದರ ಕಾಲಿನ ಸುತ್ತ ನೊರೆ ಬಂದು ಹೋಗುತ್ತಿತ್ತು.

"ಅಮ್ಮಗ ಏನ್ ಅಂದಿದ್ರಿ ಪಪ್ಪಾ?" ಎಂದಳು ಶೋಭಾ. "ನಾ ಅಲ್ಲೇ ಕೂತಿದ್ದೆ."

"ಸೀಟಿ ಮನ್ಯಾಗ ಐತಿ. ಇದು ಪೆಟ್ಟಿಗ್ಯಾಗಿಂದು."

"ಪೆಟ್ಟಿಗಿ ಮನ್ಯಾಗ ಐತೇನು?"

ಬೂಟಿನಲ್ಲಿ ನೀರು ತುಂಬಿಸಿಕೊಂಡು ನಿಂತಿದ್ದ ನಾನು ಸೀಟಿಯನ್ನು ಅಯೋಡಿನ್ ಬಾಟಲಿಯ ಪಕ್ಕಕ್ಕೇ ಇಟ್ಟು ಪೆಟ್ಟಿಗೆ ಮುಚ್ಚಿದೆ. ಶೋಭಾ ಅಭಿಯನ್ನು ಎತ್ತಿಕೊಂಡು ಮನೆಯ ಕಡೆ ನಡೆದಳು. ಹೆಗಲ ಮೇಲಿನ ಶಾಲು ಗಾಳಿಗೆ ಹಾರುತ್ತಿತ್ತು. ಹಿಂದಿನಿಂದ ನೋಡಿದರೆ ಅವಳ ನಡಿಗೆ ಅವರಮ್ಮನದೇ. ನಾನು ಗಡಿಯಾರ ನೋಡಿಕೊಂಡೆ. ಐದಕ್ಕೆ ಮೂರು ನಿಮಿಷವಿತ್ತು. ಸುಳ್ಳು ಹೇಳುತ್ತಿಲ್ಲ. ಹೇಳುವುದಾದರೆ ಇದಕ್ಕಿಂತ ನಂಬುವಂಥದ್ದನ್ನು ಹೇಳುತ್ತಿದ್ದೆ.

ರಾತ್ರಿ ಎಲ್ಲರೂ ಊಟಕ್ಕೆ ಕುಳಿತೆವು. ಜೀವನ, "ಹೋಗಲಿ ಬಿಡ್ರಿ ಮಾವಾರ, ಆ ನಾಯಿ ನಿಮ್ಮ ಸಾಲ್ಯಾಗ ಕಲಿತದ್ದಿರಬೇಕು" ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲವಾದ್ದರಿಂದ ಅವನೇ ಸ್ವಲ್ಪ ನಕ್ಕ.

ರವಿವಾರ ನಾನು ಎಂದಿನಂತೆ ನಾಲ್ಕು ಐವತ್ತಕ್ಕೆ ಎದ್ದೆ. ಬೆಳಕು ಹರಿಯುವವರೆಗೆ ಜಗಲಿಯಲ್ಲಿದ್ದು, ಸ್ಟೂಲು ತೆಗೆದುಕೊಂಡು ಹೊರಟಾಗ ಬಾಗಿಲಲ್ಲಿ ರೂತ್ ನಿಂತಿದ್ದಳು. ಬೇಗ ಏಳುವ ರೋಗ ಅವಳಿಗೆ ನನ್ನಿಂದ ಹತ್ತಿದೆ. "ಅಜ್ಜಾ, ನಾನೂ ಬರತೇನಿ." ಇಬ್ಬರೂ ಬರಿಗಾಲಲ್ಲಿ ಹೋದೆವು. ಬೂಟು ಇನ್ನೂ ಒದ್ದೆಯಾಗಿತ್ತು. ಇಲ್ಲವಾದರೆ ಹಾಕಿಕೊಳ್ಳುತ್ತಿದ್ದೆ. ನೀರಿನಂಚಿನಲ್ಲಿ ಸ್ಟೂಲು ಬಿಡಿಸಿಟ್ಟೆ. ಇಷ್ಟು ವರ್ಷ ಅದನ್ನು ಹೊತ್ತಿದ್ದೇನೆ, ಎಣಿಸಿದ್ದೇನೆ, ಕಾಲು ಸಡಿಲಾದಾಗ ತಂತಿ ಬಿಗಿದಿದ್ದೇನೆ. ಅದರ ಮೇಲೆ ಕುಳಿತಿರಲಿಲ್ಲ. ಕುಳಿತೆ. ನಾನು ಅಂದುಕೊಂಡದ್ದಕ್ಕಿಂತ ಬಹಳ ಕುಳ್ಳಗಿತ್ತು, ಮೊಣಕಾಲು ಗದ್ದಕ್ಕೆ ಬಂದವು. ನೋಯುವ ಮೊಣಕಾಲಿಗೆ ಇಂಥದ್ದನ್ನು ಕೊಡಿಸಿ ಒಮ್ಮೆಯಾದರೂ, ಸರಿಯಾಗಿದೆಯೇ ಎಂದು ಕೇಳಿದ್ದೆನೋ ಇಲ್ಲವೋ ನೆನಪಾಗಲಿಲ್ಲ.

"ಎಷ್ಟೊತ್ತು ಕೂಡೂದ್ರಿ ಅಜ್ಜಾ?"

ಕೈಗಡಿಯಾರ ಬಿಚ್ಚಿ ಅವಳಿಗೆ ಕೊಟ್ಟೆ. "ಐದು ನಿಮಿಷ ಆದ ಮ್ಯಾಲೆ ಹೇಳವ್ವಾ."

ಒಂದು ತೆರೆ ಬಂದು ಪಾದ ತೋಯಿಸಿ ಹೋಯಿತು. ಎರಡನೆಯದು ಬಂತು. ಮೂರನೆಯದು. ನೀರು ಹಿಂದೆ ಸರಿಯುವಾಗ ಅಂಗಾಲಿನ ಕೆಳಗಿನ ಉಸುಕನ್ನು ಕಚಗುಳಿ ಇಟ್ಟ ಹಾಗೆ ಎಳೆದುಕೊಂಡು ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸುಶೀಲಾಳಿಗೆ ಇದು ಒಂದು ಸಲ ಗೊತ್ತಾಗಿತ್ತು. ತೆರೆಗಳು ಹತ್ತಾದವು, ಹದಿನೈದಾದವು. ರೂತ್ ಇನ್ನೂ ಮುಳ್ಳನ್ನೇ ನೋಡುತ್ತಿದ್ದಳು. "ಆತೇನವ್ವಾ?" ಎಂದರೆ, "ಇನ್ನೂ ಎರಡೂ ಆಗಿಲ್ರಿ" ಎಂದಳು. ಐದು ನಿಮಿಷ ಇಷ್ಟು ದೊಡ್ಡದು. ಇಷ್ಟು ದೊಡ್ಡದನ್ನು ನಾನು ಸುಶೀಲಾಳಿಗೆ ಕೊಡದೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದೆ.

ರೂತ್ ನನ್ನ ಮುಖ ನೋಡಿದಳು. ದೊಡ್ಡವರು ಬೀದಿಯಲ್ಲಿ ಕೇಳುವುದನ್ನು ಕೇಳಿ ಕಲಿತ ದನಿಯಲ್ಲಿ, "ಆರಾಮ ಅದೀರೇನ್ರಿ ಅಜ್ಜಾ?" ಎಂದಳು.

ನಾನು ನಡೆಯುತ್ತಿರಲಿಲ್ಲ. ಕುಳಿತಿದ್ದೆ. ಕೈ ಎತ್ತಿ ಮುಂದೆ ಹೋಗಲು ಮುಂದೆ ಇದ್ದದ್ದು ಸಮುದ್ರ.

"ಇಲ್ಲವ್ವಾ" ಎಂದೆ. "ಆರಾಮ ಇಲ್ಲ."

ಅವಳು ಗಡಿಯಾರವನ್ನು ತನ್ನ ಫ್ರಾಕಿನ ಕಿಸೆಗೆ ಹಾಕಿಕೊಂಡಳು. "ಹಂಗಾರ ಇನ್ನೊಂಚೂರು ಕೂಡ್ರಿ."

ಎಷ್ಟು ಹೊತ್ತು ಕುಳಿತೆವೋ ತಿಳಿಯದು. ಹಿಂದೆ ಯಾರೋ ಬಂದು ನಿಂತದ್ದು ಗೊತ್ತಾಗಿ ತಿರುಗಿದರೆ ಶೋಭಾ. ಎರಡು ಲೋಟ ಚಹಾ ಹಿಡಿದಿದ್ದಳು. ಒಂದನ್ನು ನನಗೆ ಕೊಟ್ಟು, ನನ್ನ ಪಕ್ಕದಲ್ಲೇ ಒದ್ದೆ ಉಸುಕಿನ ಮೇಲೆ ಕುಳಿತಳು. ಚಹಾ ತಣ್ಣಗಾಗಿತ್ತು, ಸಕ್ಕರೆ ಜಾಸ್ತಿ ಇತ್ತು. ಎರಡನ್ನೂ ನಾನು ಹೇಳಲಿಲ್ಲ.

ಹನ್ನೊಂದಕ್ಕೆ ಹೊರಡುವಾಗ ಸಾಮಾನು ಎಣಿಸುವ ಕೆಲಸ ನನ್ನದೇ. ಎಣಿಸಿದೆ. ಒಂದು ಕಡಿಮೆ ಇತ್ತು. ಯಾವುದು, ಎಲ್ಲಿದೆ, ನನಗೆ ಗೊತ್ತಿತ್ತು. "ಎಲ್ಲಾ ಬಂತೇನ್ರಿ ಮಾವಾರ?" ಎಂದು ಜೀವನ ಕೇಳಿದ. "ಬಂತು" ಎಂದೆ. ದಂಡೆಯ ಮೇಲೆ ಏನನ್ನೂ ಬಿಟ್ಟು ಬರಬಾರದೆಂದು ಸಾವಿರ ಮಕ್ಕಳಿಗೆ ಭಾಷಣ ಮಾಡಿದವನು ನಾನು. ಅದಕ್ಕೇ ಬಿಟ್ಟು ಬರುವುದನ್ನೂ ಕ್ರಮವಾಗಿಯೇ ಮಾಡಿದ್ದೆ. ಭರತದ ನೀರು ಮುಟ್ಟದಷ್ಟು ಮೇಲೆ, ಗಾಳಿಮರದ ನೆರಳಿನಲ್ಲಿ, ನಾಲ್ಕೂ ಕಾಲು ಸಮನಾಗಿ ಊರಿ, ಸಮುದ್ರದ ಕಡೆ ಮುಖ ಮಾಡಿ ಇಟ್ಟು ಬಂದಿದ್ದೆ. ಸ್ಟೂಲಿಗೆ ಮುಖ ಯಾವುದು ಎಂದು ಕೇಳಬೇಡಿ. ಸಂಜೆಯೊಳಗೆ ಯಾರಾದರೂ ಎತ್ತಿಕೊಂಡು ಹೋಗಿರುತ್ತಾರೆ. ಆ ಮೀನಿನ ಹೆಂಗಸೇ ಒಯ್ದಿದ್ದರೆ ಒಳ್ಳೆಯದು. ಅವಳ ಮೊಣಕಾಲಿಗೂ ಬೇಕಾಗಬಹುದು.

ಸೀಟಿಯನ್ನು ಸಮುದ್ರಕ್ಕೆ ಎಸೆದೆ ಎಂದು ಬರೆದರೆ ನೀವು ಮೆಚ್ಚುತ್ತಿದ್ದಿರಿ. ಎಸೆಯಲಿಲ್ಲ. ಅದು ಶಾಲೆಯ ಸಾಮಾನು. ಮನೆಗೆ ಬಂದು ಪೆಟ್ಟಿಗೆಯಿಂದ ತೆಗೆದು ಇನ್ನೊಂದರ ಜೊತೆ ಡ್ರಾವರಿನಲ್ಲಿಟ್ಟೆ. ಪಟ್ಟಿ ತೆಗೆದು "ಬರುವಾಗ" ಚೌಕಗಳನ್ನು ತುಂಬಿದೆ. ಹತ್ತೊಂಬತ್ತರಲ್ಲಿ ಎಣ್ಣೆ ಬಂದಿದೆ, ಶಾಲು ಶೋಭಾಳ ಹೆಗಲ ಮೇಲೆ ಕೇಶ್ವಾಪುರಕ್ಕೆ ಹೋಗಿದೆ, ಸ್ಟೂಲು ಇಲ್ಲ. ಮೂರು ದಿನ ಆ ಚೌಕವನ್ನು ಖಾಲಿ ಬಿಟ್ಟೆ. ನಾಲ್ಕನೆಯ ದಿನ ಶೋಭಾ ಫೋನ್ ಮಾಡಿ, "ಪಪ್ಪಾ, ಅಮ್ಮನ ಸ್ಟೂಲ್ ಗಾಡ್ಯಾಗ ಇಲ್ಲ, ನಿಮ್ಮ ಕಡೆ ಐತೇನ್ರಿ?" ಎಂದಳು. "ಐತಿ, ಇರೂ ಜಾಗಾದಾಗ ಐತಿ" ಎಂದೆ. "ಛಲೋ ಮಾಡಿದ್ರಿ" ಎಂದಳು. ಫೋನ್ ಇಟ್ಟು ಟಿಕ್ ಹಾಕಿದೆ. ಜೀವಮಾನದಲ್ಲಿ ನಾನು ಹಾಕಿದ ಮೊದಲ ಸುಳ್ಳು ಟಿಕ್ ಅದು. ಸ್ವಲ್ಪ ಸೊಟ್ಟಗೂ ಬಂದಿದೆ.

ಆದರೆ ಒಂದು ಕೆಟ್ಟ ಚಾಳಿ ಹತ್ತಿಕೊಂಡಿದೆ. ಬೆಳಿಗ್ಗೆ ಯಾರಾದರೂ, "ಆರಾಮ ಅದೀರೇನ್ರಿ ಮಾಸ್ತರ?" ಎಂದರೆ ನಾನೀಗ ನಿಲ್ಲುತ್ತೇನೆ. ನಿಂತು ಯೋಚಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಮೊದಮೊದಲು ಜನ ಮರ್ಯಾದೆಯಿಂದ ಕೇಳಿದರು. ಎರಡನೆಯ ವಾರ, "ಅದೇನೂ ಇಲ್ರಿ, ಸುಮ್ಮನ ಕೇಳಿದ್ದು" ಎನ್ನತೊಡಗಿದರು. ಈಗ ನಾನು ಬರುವುದನ್ನು ಕಂಡರೆ ಓಣಿ ಖಾಲಿಯಾಗುತ್ತದೆ. ಮೊನ್ನೆ ಇಪ್ಪತ್ತು ವರ್ಷದಿಂದ ನನ್ನನ್ನು ತಪ್ಪದೆ ಕ್ಷೇಮ ಕೇಳುತ್ತಿದ್ದ ಪೋಸ್ಟ್ ಮಾಸ್ತರರು ದೂರದಿಂದಲೇ ನನ್ನನ್ನು ನೋಡಿ ಗಕ್ಕನೆ ಹೊರಳಿ ಗಲ್ಲಿ ಹೊಕ್ಕರು. ಇಂಥ ಅಶಿಸ್ತನ್ನು ನಾನು ಸಹಿಸಿದವನಲ್ಲ. ಅವರನ್ನು ಅಲ್ಲೇ ನಿಲ್ಲಿಸಬೇಕೆಂದು ಜೇಬಿಗೆ ಕೈ ಹಾಕಿದೆ.

ಜೇಬು ಖಾಲಿ ಇತ್ತು. ಸೀಟಿ ಮನೆಯಲ್ಲಿತ್ತು.